ಒಣಗದ ಹದಿನೇಳನೆಯ ಉತ್ತರ

ನಮ್ಮ ಊರಿನ ಶಾಲೆಯಲ್ಲಿ ಮಕ್ಕಳ ಕ್ಷೇಮಪತ್ರಿಕೆಗಳನ್ನು ಓದುವುದಕ್ಕೆ ಮೊದಲು ಒಣಹಾಕುತ್ತಾರೆ. ಮಳೆ ಹಿಂದೆ ಸರಿದು ಬಿಸಿಲು ನೆಟ್ಟಗಾದ ಮೊದಲ ಸೋಮವಾರ, ಮೂರನೆಯ ತರಗತಿಯಿಂದ ಏಳನೆಯ ತರಗತಿಯವರೆಗಿನ ಇನ್ನೂರ ನಲವತ್ತು ಮಕ್ಕಳು ಮೂವತ್ತೆರಡು ಪ್ರಶ್ನೆಗಳಿಗೆ ಶಾಯಿಯಲ್ಲಿ ಗುರುತು ಹಾಕಿ ಮುಗಿಸಿದ ಮೇಲೆ, ಅಂಗಳದ ಈ ಕಂಬದಿಂದ ಆ ಕಂಬಕ್ಕೆ ಕಟ್ಟಿದ ಹಗ್ಗಗಳಲ್ಲಿ ಹಾಳೆಗಳು ತೂಗುತ್ತವೆ. ನಿಜವಾದ ಉತ್ತರ, ಶಾಲೆಯ ಗಂಟೆ ಬಾರಿಸಿ ಅದರ ಗುಂಯ್‌ಗುಡುವಿಕೆ ಅಡಗುವಷ್ಟರಲ್ಲಿ ಒಣಗಿಬಿಡುತ್ತದೆ. ನಿಜವಲ್ಲದ್ದು ಒಣಗುವುದಿಲ್ಲ. ಆದರೂ ಸಂಜೆಯವರೆಗೆ ಹಾಳೆಗಳನ್ನು ಬಿಸಿಲಿಗೆ ಬಿಡುವುದು, ಗಾಳಿಯ ತೇವದ ಮೇಲೆ ಯಾರೂ ತಪ್ಪು ಹೊರಿಸದಿರಲೆಂದು.

ಇದಕ್ಕೆ ನಾವು ಹುಟ್ಟಿನಿಂದಲೇ ಒಗ್ಗಿಹೋದವರು. ನಮ್ಮ ವೈದ್ಯರು ರೋಗಿಗಳ ಎದುರಿಗೆ ಪೆನ್ಸಿಲಿನಲ್ಲೇ ಬರೆಯುತ್ತಾರೆ. ಮದುವೆಯ ಕರೆಯೋಲೆಗಳನ್ನು ಪಕ್ಕದ ಊರಿನಲ್ಲಿ ಅಚ್ಚು ಹಾಕಿಸುತ್ತೇವೆ. ಇಲ್ಲೇ ಹಾಕಿಸಿದರೆ, ಆಗಮನ ಬಯಸುವ ಬಂಧುಗಳ ಪಟ್ಟಿಯಲ್ಲಿ ನಾಲ್ಕೈದು ಹೆಸರುಗಳಾದರೂ ಲಕೋಟೆಯ ಒಳಮೈಗೆ ಅಂಟಿಕೊಂಡು, ಮದುವೆಗೆ ಮೊದಲೇ ಜಗಳ ಶುರುವಾಗುತ್ತದೆ. ಊರಿನಿಂದ ಬಂದ ಕಾಗದದಲ್ಲಿ 'ನಾವೆಲ್ಲ ಇಲ್ಲಿ ಕ್ಷೇಮ' ಎಂಬ ಮೊದಲ ಸಾಲು ಕದಡಿಹೋಗಿರುವುದನ್ನು ಕಂಡೇ, ಮುಂದಿನದನ್ನು ಓದದೆ, ಬಟ್ಟೆ ತುರುಕಿಕೊಂಡು ಬಸ್ಸು ಹತ್ತಿದ ಅಣ್ಣತಮ್ಮಂದಿರಿದ್ದಾರೆ.

ಕ್ಷೇಮಪತ್ರಿಕೆಯನ್ನು ರಚಿಸಿದವನು ನಾನು. ಇಪ್ಪತ್ತೆರಡು ವರ್ಷಗಳ ಹಿಂದೆ, ಅದೇ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದಾಗ, ಮಕ್ಕಳು ಎಷ್ಟು ಕಲಿತರೆಂದು ವರ್ಷಕ್ಕೆ ಆರು ಸಲ ಅಳೆಯುವ ನಾವು ಅವರು ಹೇಗಿದ್ದಾರೆಂದು ಒಂದು ಸಲವಾದರೂ ಕೇಳಬೇಡವೇ ಎಂದು ವಾದಿಸಿ, ಸಮಿತಿಯನ್ನು ಒಪ್ಪಿಸಿ, ಒಂದೊಂದು ಪ್ರಶ್ನೆಯನ್ನೂ ತಿದ್ದಿ ತೀಡಿ ಬರೆದೆ. ನಿದ್ದೆ ಬರುತ್ತದೆಯೇ, ಆಟಕ್ಕೆ ಯಾರಾದರೂ ಕರೆಯುತ್ತಾರೆಯೇ, ಶಾಲೆಗೆ ಬರುವ ದಾರಿಯಲ್ಲಿ ಭಯವಾಗುತ್ತದೆಯೇ. ಪ್ರತಿ ಪ್ರಶ್ನೆಯ ಮುಂದೆ ಐದು ಚೌಕಗಳು: ಯಾವಾಗಲೂ, ಸಾಮಾನ್ಯವಾಗಿ, ಆಗಾಗ, ಅಪರೂಪಕ್ಕೆ, ಎಂದೂ ಇಲ್ಲ. ನಿವೃತ್ತನಾದ ಮೇಲೂ ವರ್ಷಕ್ಕೊಮ್ಮೆ ನನ್ನನ್ನು ಕರೆಸುತ್ತಾರೆ. ಮಕ್ಕಳಿಗೆ ನಾನು ಕ್ಷೇಮದ ಮೇಷ್ಟ್ರು.

ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಮುಚ್ಚಿಡುವುದಿಲ್ಲ. ಏಳು ವರ್ಷಗಳ ಹಿಂದೆ, ತರಗತಿಯನ್ನೆಲ್ಲ ನಗಿಸುತ್ತಿದ್ದ ಒಬ್ಬ ಹುಡುಗ 'ನಿನ್ನ ಮನೆಯಲ್ಲಿ ನೀನು ಸುಖವಾಗಿದ್ದೀಯಾ' ಎಂಬ ಹದಿನೇಳನೆಯ ಪ್ರಶ್ನೆಗೆ 'ಯಾವಾಗಲೂ' ಎಂದು ಗುರುತು ಹಾಕಿದ. ಅದು ಒಣಗಲಿಲ್ಲ. ಪಕ್ಕಕ್ಕೆ ಕರೆದು ಇನ್ನೊಂದು ಹಾಳೆ ಕೊಟ್ಟೆವು. 'ಎಂದೂ ಇಲ್ಲ' ಎಂಬ ಚೌಕದಲ್ಲಿ ಗುರುತು ಹಾಕಿದೊಡನೆ ಶಾಯಿ ಕಲ್ಲಿನಂತೆ ಕೂತುಬಿಟ್ಟಿತು. ಅವನ ಬೆನ್ನಿನ ಮೇಲಿನ ಬಾಸುಂಡೆಗಳನ್ನು ಅಂದೇ ಮೊದಲ ಸಲ ನಾವು ನೋಡಿದ್ದು. ಅಂಥ ಮಕ್ಕಳನ್ನು ಒಂದು ವರ್ಷ ಆಸರೆ ಮನೆಯಲ್ಲಿಡುವುದು ಊರಿನ ಕಟ್ಟಳೆ. ಯಾವ ಮನೆಯೂ ತನ್ನ ಸರದಿ ಬಂದಾಗ ಒಲ್ಲೆ ಎನ್ನುವಂತಿಲ್ಲ. ಆ ಹುಡುಗನನ್ನು ಕಾಪಾಡಿದ್ದು ನನ್ನ ಆ ಐದು ಚೌಕಗಳೇ.

ಈ ವರ್ಷ ಸೋಮವಾರ ಸಂಜೆ ಹಾಳೆಗಳನ್ನು ಇಳಿಸುವಾಗ ಮುಖ್ಯೋಪಾಧ್ಯಾಯಿನಿ ಕಾತ್ಯಾಯಿನಿ ಒಂದನ್ನು ಅಂಗೈ ಮೇಲೆ ಚಪ್ಪಟೆಯಾಗಿ ಹಿಡಿದು ನನ್ನೆಡೆಗೆ ತಂದರು. ಐದನೆಯ ತರಗತಿಯ ಚೆಲುವಿಯದು. ಮೂವತ್ತೊಂದು ಉತ್ತರಗಳು ಒಣಗಿದ್ದವು. ಹದಿನೇಳನೆಯದು ಮಾತ್ರ, ಇಡೀ ದಿನದ ಬಿಸಿಲನ್ನು ಕುಡಿದ ಮೇಲೂ, ಆಗತಾನೇ ಬರೆದಂತೆ ಮಿನುಗುತ್ತಿತ್ತು. ಅವಳೂ 'ಯಾವಾಗಲೂ' ಎಂದೇ ಗುರುತು ಹಾಕಿದ್ದಳು.

"ಹಿಟ್ಟಿನ ಗಿರಣಿ ಪುಟ್ಟಗೌರಮ್ಮನ ಮನೇಲಿರೋ ಹುಡುಗಿ," ಎಂದರು ಕಾತ್ಯಾಯಿನಿ. "ಅಪ್ಪನ ಮುಖಾನೇ ನೋಡಿಲ್ಲ. ತಾಯಿ ಹೋದ ವರ್ಷ ತೀರ್ಕೊಂಡ್ರು. ಪುಟ್ಟಗೌರಮ್ಮ ಸೋದರತ್ತೆ. ಆಕೆ ಬಾಯಿ ನಿಮಗೆ ಗೊತ್ತಲ್ಲ, ಮೇಷ್ಟ್ರೇ."

ಗೊತ್ತಿತ್ತು. ಪುಟ್ಟಗೌರಮ್ಮ ಬೈದರೆ ಬಸ್‌ನಿಲ್ದಾಣದವರೆಗೂ ಕೇಳಿಸುತ್ತದೆಂದು ಊರೇ ಹೇಳುತ್ತಿತ್ತು.

ಮಂಗಳವಾರ ಚೆಲುವಿಯನ್ನು ಶಿಕ್ಷಕರ ಕೋಣೆಗೆ ಕರೆಸಿದೆವು. ತೆಳ್ಳನೆಯ ಹುಡುಗಿ, ಎರಡು ಮುಂಗೈಗಳನ್ನೂ ಮೇಜಿನ ಮೇಲಿಟ್ಟುಕೊಂಡು, ಹಲ್ಲು ಕೀಳಿಸಿಕೊಳ್ಳಲು ಬಂದವಳಂತೆ ಕುಳಿತಳು. ಒಂದೊಂದು ಗುರುತಿಗೂ ಒಂದು ಹೊಸ ಹಾಳೆ ಕೊಟ್ಟೆ. 'ಸಾಮಾನ್ಯವಾಗಿ' ಎಂಬಲ್ಲಿ ಗುರುತು ಹಾಕಿದಳು. ಕಾದೆವು. ಒಣಗಲಿಲ್ಲ. 'ಆಗಾಗ', ಒಣಗಲಿಲ್ಲ. 'ಅಪರೂಪಕ್ಕೆ' ಎಂಬುದನ್ನು ಬರೆಯುವಾಗ ಅವಳ ಕಿವಿ ಕೆಂಪಾಯಿತು, ಅದೂ ಒಣಗಲಿಲ್ಲ. ಕೊನೆಯ ಚೌಕಕ್ಕೆ ಬಂದಾಗ ಪೆನ್ನು ಕೆಳಗಿಟ್ಟು, "ಇದು ಹಾಕಲ್ಲ ಸಾರ್, ಇದು ಸುಳ್ಳು," ಎಂದಳು.

"ಹಾಕಮ್ಮ, ಸುಳ್ಳಾದ್ರೆ ಒಣಗಲ್ಲ ಅಷ್ಟೇ," ಎಂದರು ಕಾತ್ಯಾಯಿನಿ.

ಹಾಕಿದಳು. ಒಣಗಲಿಲ್ಲ. ಸೋಮವಾರದ್ದೂ ಸೇರಿ ಐದು ಹಾಳೆಗಳು ಮೇಜಿನ ಮೇಲೆ ಸಾಲಾಗಿ ಮಿರಮಿರನೆ ಹೊಳೆಯುತ್ತಿದ್ದವು. ಕಾತ್ಯಾಯಿನಿ ನನ್ನ ಮುಖ ನೋಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಹೀಗೆ ಆದದ್ದೇ ಇಲ್ಲ. ಆಗಬಹುದೆಂದು ಮಾತ್ರ ಒಬ್ಬನು ಊಹಿಸಿದ್ದ, ಅವನು ನಾನೇ. ನಿಯಮಗಳ ಪುಸ್ತಕದ ಕೊನೆಯ ಪುಟದಲ್ಲಿ ನನ್ನದೇ ದುಂಡು ಅಕ್ಷರಗಳಲ್ಲಿ ಹೀಗಿತ್ತು: ಐದು ಚೌಕಗಳಲ್ಲಿ ಯಾವುದೂ ಒಣಗದಿದ್ದಲ್ಲಿ, ಮಗು ಹೇಳಿಕೊಳ್ಳಲಾರದಷ್ಟು ಕಷ್ಟದಲ್ಲಿದೆಯೆಂದು ಭಾವಿಸಿ, ಮೂರು ದಿನಗಳೊಳಗೆ ಆಸರೆ ಮನೆಗೆ ಕಳುಹಿಸತಕ್ಕದ್ದು. ಬರೆದ ದಿನ ಆ ವಾಕ್ಯದ ದೂರದೃಷ್ಟಿಯನ್ನು ನಾನೇ ಮೆಚ್ಚಿಕೊಂಡದ್ದು ನೆನಪಿದೆ.

ಆಸರೆ ಮನೆಗಳ ಪಟ್ಟಿಯಲ್ಲಿ ಮುಂದಿನ ಹೆಸರು ಸಮಿತಿಯ ಅಧ್ಯಕ್ಷ ಶೇಷಾಚಲಯ್ಯನವರದು. ಅವರು ಭೂಮಾಪನ ಇಲಾಖೆಯಲ್ಲಿದ್ದು ನಿವೃತ್ತರಾದವರು. ದೊಡ್ಡ ಮನೆ, ಮಕ್ಕಳಿಲ್ಲ. ಮಂಗಳವಾರ ಸಂಜೆಯ ಹೊತ್ತಿಗೇ ಅವರ ಹೆಂಡತಿ ಮೂಲೆಯ ಕೋಣೆಯನ್ನು ಗುಡಿಸಿ ಸಾರಿಸಿ ಕಿಟಕಿಗೆ ಹೊಸ ಪರದೆ ಕಟ್ಟಿದರೆಂದು ಸುದ್ದಿಯಾಯಿತು.

ಗುರುವಾರ ಸಮಿತಿ ಸೇರಬೇಕಿತ್ತು. ಅದಕ್ಕೆ ಮೊದಲು ಮನೆಯನ್ನು ನೋಡಿ ವರದಿ ಕೊಡುವುದು ನನ್ನ ಕರ್ತವ್ಯ. ಬುಧವಾರ ಮಧ್ಯಾಹ್ನ ಗಿರಣಿಗೆ ಹೋದೆ. ಬೆಲ್ಟು ತಟಪಟ ಬಡಿಯುತ್ತಿತ್ತು, ಹೊಸ್ತಿಲ ಬಳಿ ನಾಲ್ಕೈದು ಡಬ್ಬಿಗಳು ಸರದಿಯಲ್ಲಿದ್ದವು. ಪುಟ್ಟಗೌರಮ್ಮ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು.

"ಬನ್ನಿ ಮೇಷ್ಟ್ರೇ. ರಾಗಿ ತಂದಿದ್ದೀರೋ, ರೂಲ್ಸು ತಂದಿದ್ದೀರೋ?"

"ಮಗು ವಿಷಯ ಮಾತಾಡೋಣ ಅಂತ ಬಂದೆ, ಪುಟ್ಟಗೌರಮ್ಮ."

"ಏನು? ಜೋರಾಗಿ ಹೇಳಿ!"

"ಮಗು ವಿಷಯ!" ಎಂದು ಕೂಗಿದೆ. ನನ್ನ ಕೂಗಿಗೆ ನಾನೇ ಬೆಚ್ಚಿದೆ.

ಆಕೆ ಮೋಟಾರು ನಿಲ್ಲಿಸಿದಳು. ಸದ್ದು ಇಳಿದ ಮೇಲೂ ಆಕೆಯ ದನಿ ಇಳಿಯಲಿಲ್ಲ. "ನೋಡಿದ್ರಾ? ಅರ್ಧ ಗಳಿಗೆ ನಿಂತಿದ್ದಕ್ಕೆ ನೀವೇ ಕಿರುಚಿದ್ರಿ. ನಾನು ಹದಿನೆಂಟು ವರ್ಷದಿಂದ ಇದರೊಳಗೇ ಇದೀನಿ. ಮೆತ್ತಗೆ ಮಾತಾಡೋ ಅತ್ತೆ ಬೇಕು ಅಂತ ನಿಮ್ ಪುಸ್ತಕದಲ್ಲಿ ಬರೆದಿದ್ರೆ ಕರ್ಕೊಂಡ್ ಹೋಗಿ. ಬೇರೇನು ಕೊರತೆ ಮಾಡಿದೀನಿ ಕೇಳಿ ಅವಳನ್ನೇ. ಚೆಲುವೀ! ಬಾರೇ ಇಲ್ಲಿ! ನಿನ್ನ ಸುಖ ಅಳೆಯೋಕೆ ಬಂದಿದಾರೆ!"

ಚೆಲುವಿ ಒಳಗಿನಿಂದ ಬಂದಳು, ಕೈಯಲ್ಲಿ ಅರ್ಧ ತಿಂದ ಹುರಿಗಡಲೆ ಉಂಡೆ. ನನ್ನನ್ನು ಕಂಡು ಉಂಡೆಯನ್ನು ಬೆನ್ನ ಹಿಂದೆ ಮರೆಮಾಡಿದಳು. ಅದು ಸಾಕ್ಷ್ಯವಾಗಿಬಿಡುತ್ತದೆಂದು ಹೆದರಿರಬೇಕು. ಅವಳನ್ನು ಹೊರಗಿನ ಕಟ್ಟೆಯ ಮೇಲೆ ಕೂರಿಸಿ ನಾನೂ ಕುಳಿತೆ.

"ನಾನು ಸುಳ್ಳು ಹೇಳಿದ್ನಾ ಸಾರ್?" ಎಂದು ಅವಳೇ ಮೊದಲು ಕೇಳಿದಳು.

"ನಿನಗೇನನ್ನಿಸುತ್ತೆ?"

ಬೆನ್ನ ಹಿಂದಿದ್ದ ಉಂಡೆಯನ್ನು ಮಡಿಲಿಗೆ ತಂದುಕೊಂಡಳು. "ಯಾವ ಚೌಕದೊಳಗೆ ಹಾಕಿದ್ರೂ ಅರ್ಧ ಹೊರಗೇ ಉಳ್ಕೊಳುತ್ತೆ ಸಾರ್. ಈ ಕಡೆ ತಳ್ಳಿದ್ರೆ ಆ ಕಡೆ ಉಳಿಯುತ್ತೆ." ಆಮೇಲೆ, ದನಿ ತಗ್ಗಿಸಿ, "ಶೇಷಾಚಲಯ್ಯನೋರ ಮನೇಲಿ ನಾನು ಯಾವ ಹೊತ್ತಿಗೆ ಏಳ್ಬೇಕು?" ಎಂದಳು. ಹೋಗುವುದು ನಿಶ್ಚಯವೆಂದು ಅವಳು ಆಗಲೇ ಒಪ್ಪಿಕೊಂಡಿದ್ದಳು. ಬಾಗಿಲಲ್ಲಿ ನಿಂತಿದ್ದ ಪುಟ್ಟಗೌರಮ್ಮ ಅದನ್ನು ಕೇಳಿಸಿಕೊಂಡಳು. ತಿರುಗಿ ಹೋಗಿ ಮೋಟಾರಿನ ಗುಂಡಿ ಒತ್ತಿದಳು.

ಮನೆಗೆ ಮರಳುವ ದಾರಿಯಲ್ಲಿ ಆ ಹುಡುಗಿಯ ಮಾತು ನನ್ನ ಜೊತೆಯಲ್ಲೇ ನಡೆಯಿತು. ನನ್ನ ಯೌವನವೆಲ್ಲ ಹೊಸ ಕಾವ್ಯದ ಸಹವಾಸದಲ್ಲಿ ಕಳೆದದ್ದು. ದೊಡ್ಡ ಶಬ್ದಗಳನ್ನು ನಂಬಬೇಡ, ಬೆಳಕಿನಲ್ಲಿ ನೆರಳೂ ಇರುತ್ತದೆ, ಒಂದೇ ಪ್ರತಿಮೆಯೊಳಗೆ ಪ್ರೀತಿಯೂ ಸಾವೂ ಒಂದೇ ಹಾಸಿಗೆಯಲ್ಲಿ ಮಲಗಿರುತ್ತವೆ ಎಂದು ಆ ಕವಿತೆಗಳು ನನಗೆ ಕಲಿಸಿದ್ದವು. ಅದನ್ನೇ ನಾನು ತರಗತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಆದರೆ ಮಕ್ಕಳನ್ನು ಕೇಳುವ ಗಳಿಗೆ ಬಂದಾಗ, ಸುಖ ಎಂಬ ಆ ಹಳೆಯ ದಪ್ಪ ಶಬ್ದವನ್ನೇ ಎತ್ತಿಕೊಂಡು, ಅದು ಎಷ್ಟು ಸಲ ಬರುತ್ತದೆ ಹೇಳು ಎಂದೆ. ಸುಖ ಬಂದಾಗ ದುಃಖ ಎದ್ದು ಹೊರಗೆ ಹೋಗುತ್ತದೆ, ದುಃಖ ಬಂದಾಗ ಸುಖ ಜಾಗ ಬಿಡುತ್ತದೆ ಎಂಬ ಲೆಕ್ಕ ಆ ಐದು ಚೌಕಗಳಲ್ಲಿತ್ತು. ಪ್ರಶ್ನೆಗಳು ಅಚ್ಚಾಗುತ್ತಿದ್ದುದು ಪಕ್ಕದ ಊರಿನಲ್ಲಿ. ಅವು ಒಣಗುತ್ತವೆಯೋ ಇಲ್ಲವೋ ಎಂದು ನಾವು ಯಾರೂ ನೋಡಿರಲಿಲ್ಲ. ಉತ್ತರ ಒದ್ದೆಯಾಗಿದ್ದರೆ ಉತ್ತರಿಸಿದವರ ಮೇಲೆಯೇ ನಮ್ಮ ಕಣ್ಣು.

ಮನೆಗೆ ಬಂದವನೇ ಒಂದು ಪತ್ರಿಕೆ ತೆಗೆದು, ಜಗಲಿಯಲ್ಲಿ ಕುಳಿತು, ಜೀವನದಲ್ಲಿ ಮೊದಲ ಸಲ ಹದಿನೇಳನೆಯ ಪ್ರಶ್ನೆಗೆ ಉತ್ತರಿಸಿದೆ. ಐದು ಗುರುತು ಹಾಕಿದೆ. ಬಿಸಿಲು ಜಗಲಿಯಿಂದ ಇಳಿದು ಬೀದಿ ದಾಟುವವರೆಗೂ ಕಾದೆ. ಐದೂ ಒದ್ದೆಯಾಗಿದ್ದವು. ಹಾಗೆ ಕುಳಿತಿದ್ದಾಗ ಬೇಸರಕ್ಕಿಂತ ಹೆಚ್ಚಾಗಿ ಒಂದು ಹುರುಪೇ ಬಂತು. ಗುರುವಾರ ಏನು ಮಾಡಬೇಕೆಂದು ನನಗೆ ಸ್ಪಷ್ಟವಾಗಿತ್ತು.

ಸಮಿತಿ ಎಂದರೆ ಶೇಷಾಚಲಯ್ಯ, ಕಾತ್ಯಾಯಿನಿ ಮತ್ತು ನಾನು. ಶಾಲೆಯ ಹಜಾರದಲ್ಲಿ ಉದ್ದನೆಯ ಮೇಜು; ಎದುರಿನ ಬೆಂಚಿನಲ್ಲಿ ಚೆಲುವಿ, ಕಾಲ ಬಳಿ ಬಟ್ಟೆಯ ಚೀಲ. ಪುಟ್ಟಗೌರಮ್ಮ ಕೂರಲಿಲ್ಲ, ಗೋಡೆಗೆ ಒರಗಿ ನಿಂತಿದ್ದಳು.

ಶೇಷಾಚಲಯ್ಯ ನಿಯಮವನ್ನು ಓದಿ ಹೇಳಿದರು. ಒಳ್ಳೆಯ ಮನುಷ್ಯ, ಓದುವಾಗ ದನಿ ಕಠಿಣವಾಗದಂತೆ ಎಚ್ಚರ ವಹಿಸಿದರು. "ಇದರಲ್ಲಿ ಯಾರ ಮೇಲೂ ಆರೋಪ ಇಲ್ಲ, ಪುಟ್ಟಗೌರಮ್ಮ. ಒಂದು ವರ್ಷ ಅಷ್ಟೇ. ನಿಯಮ ಮೇಷ್ಟ್ರೇ ಬರೆದದ್ದು. ಅಲ್ವೇ ಮೇಷ್ಟ್ರೇ?"

"ನಾನೇ ಬರೆದದ್ದು. ತಪ್ಪಾಗಿ ಬರೆದೆ," ಎಂದೆ. ಮೂರು ಪತ್ರಿಕೆಗಳನ್ನು ಮೇಜಿನ ಮೇಲಿಟ್ಟು ಒಂದನ್ನು ಅವರ ಮುಂದೆ ಸರಿಸಿದೆ. "ಹದಿನೇಳನೆಯದಕ್ಕೆ ದಯವಿಟ್ಟು ಉತ್ತರಿಸಿ."

"ಇದು ಮಕ್ಕಳಿಗೆ ಕಣ್ರೀ."

"ಮಕ್ಕಳ ಕೈಲಿ ಬರೆಸೋದನ್ನ ನಾವು ಒಂದ್ಸಲ ಬರೆದ್ರೆ ತಪ್ಪೇನಿಲ್ಲ," ಎಂದು ಕಾತ್ಯಾಯಿನಿ ಆಗಲೇ ಪೆನ್ನು ತೆಗೆದಿದ್ದರು.

ಶೇಷಾಚಲಯ್ಯ 'ಯಾವಾಗಲೂ' ಎಂಬ ಚೌಕದಲ್ಲಿ ಒಂದು ದಪ್ಪ ಗುರುತು ಎಳೆದು, ಕೈಕಟ್ಟಿ ಕುಳಿತರು. ಗಂಟೆಯ ನಾದ ಅಡಗುವಷ್ಟು ಹೊತ್ತು ಕಳೆಯಿತು. ಇನ್ನೊಂದಷ್ಟು ಕಳೆಯಿತು. ಅವರು ಬೆರಳ ತುದಿಯಿಂದ ಮುಟ್ಟಿ ನೋಡಿ, ಬೆರಳನ್ನು ಪಂಚೆಗೆ ಒರೆಸಿಕೊಂಡರು. ಯಾರಿಗೂ ಕಾಣದಂತೆ ಒಮ್ಮೆ ಊದಿದರು. ಎಲ್ಲರಿಗೂ ಕಂಡಿತು.

"ಫ್ಯಾನ್ ಹಾಕ್ಲಾ ಸಾ?" ಎಂದಳು ಪುಟ್ಟಗೌರಮ್ಮ ಗೋಡೆಯ ಬಳಿಯಿಂದ.

"ಈ ಇಂಕು ಸರಿಯಿಲ್ಲ," ಎಂದರು ಅವರು. ನಾನು ಅದೇ ಪೆನ್ನಿನಿಂದ ಹಾಳೆಯ ಅಂಚಿನಲ್ಲಿ 'ಇಂದು ಗುರುವಾರ' ಎಂದು ಬರೆದೆ. ಅದು ಒಣಗಿತು. ಅವರು 'ಸಾಮಾನ್ಯವಾಗಿ' ಎಂಬಲ್ಲಿಗೆ ಬಂದರು, ಒಣಗಲಿಲ್ಲ. 'ಆಗಾಗ' ಎಂಬಲ್ಲಿಗೂ ಬಂದರು. ಅಲ್ಲಿಂದ ಮುಂದೆ ಹೋಗಲು ಮನಸ್ಸಾಗದೆ ಪೆನ್ನನ್ನು ಮುಚ್ಚಿದರು. ಕಾತ್ಯಾಯಿನಿ ತಮ್ಮ ಐದೂ ಒದ್ದೆ ಗುರುತುಗಳ ಹಾಳೆಯನ್ನು ಎತ್ತಿ ತೋರಿಸಿದರು. ನಾನು ನನ್ನ ನಿನ್ನೆಯ ಹಾಳೆಯನ್ನು ಪಕ್ಕದಲ್ಲಿಟ್ಟೆ.

"ನಿಯಮದ ಪ್ರಕಾರ," ಎಂದೆ, "ನಾವು ಮೂವರೂ ಮೂರು ದಿನಗಳೊಳಗೆ ಬೇರೆ ಮನೆಗೆ ಹೋಗಬೇಕು."

ಚೆಲುವಿ ನಕ್ಕುಬಿಟ್ಟಳು. ಶೇಷಾಚಲಯ್ಯ ನಗಲಿಲ್ಲ. ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆಯನ್ನೇ. "ಆಯ್ತು, ಚೌಕ ತಪ್ಪು ಅಂತಿಟ್ಕೊಳ್ಳೋಣ. ಹಾಗಂತ ಮಗು ಚೆನ್ನಾಗಿದೆ ಅಂತಾಯ್ತಾ? ಬೆನ್ನು ಮುಚ್ಚಿಕೊಂಡು ನಗ್ತಿದ್ದ ಆ ಹುಡುಗ ಮರ್ತುಹೋದ್ನಾ ಮೇಷ್ಟ್ರೇ? ಚೌಕ ಇಲ್ದೆ ನೀವು ಹೇಗೆ ತಿಳ್ಕೋತೀರಿ?"

"ಕೇಳಿ ತಿಳ್ಕೋತೀನಿ. ಚೌಕ ನಾನು ಎಳೆಯೋದಿಲ್ಲ, ಅಷ್ಟೇ. ಶಾಯಿ ಇದ್ದೇ ಇದೆ. ಅದಕ್ಕೆ ನಾನೂ ಮೋಸ ಮಾಡಲಾರೆ, ಅವಳೂ ಮಾಡಲಾರಳು."

ಉಳಿದಿದ್ದ ಮೂರನೆಯ ಹಾಳೆಯನ್ನು ಮಗುಚಿ ಅದರ ಖಾಲಿ ಬೆನ್ನನ್ನು ಚೆಲುವಿಯ ಮುಂದಿಟ್ಟೆ. ಸುಖದ ಮಾತು ಎತ್ತಲಿಲ್ಲ. ಮನೆಯಲ್ಲಿ ದಿನಾ ನಡೆಯುವ ಯಾವುದಾದರೂ ಒಂದನ್ನು ಬರೆ, ಅದು ನಡೆಯುವಾಗ ನಿನಗೆ ಏನಾಗುತ್ತದೋ ಅದನ್ನೂ ಬರೆ ಎಂದೆ. ಒಂದೇ ಒಂದು ಸಾಲು ಒದ್ದೆಯಾಗಿ ಉಳಿದರೂ ಅವಳು ಆ ಚೀಲ ಎತ್ತಿಕೊಂಡು ತಮ್ಮ ಜೊತೆ ಹೋಗಬೇಕೆಂದು ಶೇಷಾಚಲಯ್ಯ ಷರತ್ತು ಹಾಕಿದರು. ನಾನು ಒಪ್ಪಿದೆ. ಆ ಹುಡುಗಿ ಪೆನ್ನು ಹಿಡಿದ ರೀತಿ ಮೊನ್ನೆಯದಾಗಿರಲಿಲ್ಲ.

ಅವಳು ಬಹಳ ಹೊತ್ತು ಬರೆಯಲಿಲ್ಲ. ಆಮೇಲೆ ನಿಲ್ಲಿಸದೆ ಬರೆದಳು. ಪೆನ್ನಿನ ಮೊನೆ ಮುಂದಿನ ಶಬ್ದಕ್ಕೆ ಸರಿಯುವಷ್ಟರಲ್ಲಿ ಹಿಂದಿನ ಶಬ್ದ ತನ್ನ ಹೊಳಪು ಕಳೆದುಕೊಂಡು ಕಾಗದದೊಳಗೆ ಇಳಿಯುತ್ತಿತ್ತು. ನಾಲ್ಕೇ ಸಾಲು. ಕೊನೆಯ ಸಾಲಿನ ಮೇಲೆ ಶೇಷಾಚಲಯ್ಯ ಅಂಗೈಯಿಂದಲೇ ಸವರಿ, ಅಂಗೈ ತಿರುಗಿಸಿ ನೋಡಿಕೊಂಡರು. ಶುಭ್ರವಾಗಿತ್ತು. ಓದಲೆಂದು ಹಾಳೆಯನ್ನು ಕಣ್ಣಿನ ಹತ್ತಿರ ತಂದವರು, ಓದಿ ಮುಗಿಸಿ, ಅದನ್ನು ನನ್ನ ಕೈಗೆ ಕೊಟ್ಟು ಕಿಟಕಿಯ ಕಡೆ ತಿರುಗಿದರು. ಆ ಕಡೆ ಮುಖ ಮಾಡಿಯೇ, "ಆ ಕೊನೇ ನಿಯಮಕ್ಕೆ ಗೀಟು ಹಾಕಿಬಿಡಿ," ಎಂದರು. ಅವರ ಮನೆಯ ಮೂಲೆಯ ಕೋಣೆ ನನ್ನ ನೆನಪಿಗೆ ಬಂತು, ಅವರಿಗೂ ಬಂದಿರಬೇಕು.

"ಏನ್ ಬರ್ದಿದಾಳೆ?" ಎಂದಳು ಪುಟ್ಟಗೌರಮ್ಮ. ಆಕೆಗೆ ಓದು ಬಾರದು. "ನನ್ನ ಬೈದಿದ್ರೆ ಬೈದಿದಾಳೆ ಅಂತ ಹೇಳಿ. ಮುಚ್ಚಿಡಬೇಡಿ."

ನಾನು ಚೆಲುವಿಯನ್ನು ನೋಡಿದೆ. ಅವಳು ತಲೆಯಾಡಿಸಿದಳು. ಓದಿದೆ: "ಬೆಳಿಗ್ಗೆ ಅತ್ತೆ ನನ್ನ ತಲೆ ಬಾಚುತ್ತಾರೆ. ಆಗ ಅಮ್ಮ ಬಾಚುತ್ತಿದ್ದುದು ನೆನಪಾಗಿ ಅಳು ಬರುತ್ತದೆ. ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆಂದು ಅಳುವುದಿಲ್ಲ. ಬಾಚುವುದು ಮುಗಿಯುವುದೇ ಬೇಡ ಅನ್ನಿಸುತ್ತದೆ."

ಪುಟ್ಟಗೌರಮ್ಮ ಗೋಡೆಯನ್ನು ಬಿಟ್ಟು ಬೆಂಚಿನ ಬಳಿಗೆ ಬಂದಳು. ಗಿರಣಿಯ ಬೆಲ್ಟು ತಲೆಯ ಮೇಲೆ ಓಡುತ್ತಿದೆಯೋ ಎಂಬಷ್ಟು ದೊಡ್ಡ ದನಿಯಲ್ಲಿ, "ಅಳು ಬಂದ್ರೆ ಅತ್ಕೋಬೇಕು ಕಣೇ! ಬೇಡ ಅಂದೋರ್ಯಾರು? ನೀನು ಅತ್ರೆ ನಾನು ಕೈ ನಿಲ್ಲಿಸಿಬಿಡ್ತೀನಾ?" ಎಂದಳು.

ಚೆಲುವಿ ಆಗಲೇ ಅಳುತ್ತಿದ್ದಳು. ಪುಟ್ಟಗೌರಮ್ಮ ಬಟ್ಟೆಯ ಚೀಲವನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿ, ಸಮಿತಿಯ ಎದುರಿಗೇ ಬೆಂಚಿನ ಮೇಲೆ ಕುಳಿತು, ಹುಡುಗಿಯ ಭುಜ ಹಿಡಿದು ತನಗೆ ಬೆನ್ನಾಗುವಂತೆ ತಿರುಗಿಸಿಕೊಂಡು, ಬೆಳಗಿನ ಗಾಬರಿಯಲ್ಲಿ ಸೊಟ್ಟಗೆ ಹೆಣೆದಿದ್ದ ಜಡೆಯನ್ನು ತುದಿಯಿಂದ ಬಿಚ್ಚತೊಡಗಿದಳು.